ಷರಾ

ಬೋರಾ ಗಾಳಿ ಎದ್ದ ದಿನ ಟ್ರಿಯೆಸ್ಟೆಯಲ್ಲಿ
ಮೂಲೆಮೂಲೆಗೆ ಹಗ್ಗ ಕಟ್ಟುತ್ತಿದ್ದರು ಹಿಂದೆ, ಹಿಡಿದು ನಡೆಯಲು.
ಈಗ ಹಗ್ಗವಿಲ್ಲ. ನಿವೆಸ್ ಗೋಡೆ ಹಿಡಿದು ಬಂದಳು,
ವಿಮಾ ಕಂಪನಿಯ ಮೂರನೇ ಮಹಡಿಗೆ,
ಕೋಟು ಬಿಚ್ಚುವ ಮೊದಲೇ ಯಂತ್ರ ಎಬ್ಬಿಸಿದಳು.

ಮೇಜಿನಡಿಯ ಕರಿ ಪೆಟ್ಟಿಗೆಯಲ್ಲಿ
ಕಂಪನಿಯದೊಂದು ನಕಲಿದೆ.
ಅಸಲು ಬೇರೆಡೆ, ಎರಡು ಬೀಗದಾಚೆ,
ನಮ್ಮಂಥವರಿಗೆ ಅಲ್ಲಿ ಪ್ರವೇಶವಿಲ್ಲ, ಇರಲೂಬಾರದು.
ಇದು ಅವಳೊಬ್ಬಳದೇ.
ವಿಳಾಸ: ನೂರಿಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.
ತನಗೆ ತಾನೇ ಕಾಗದ ಬರೆದುಕೊಳ್ಳುವವರ ವಿಳಾಸ ಅದು.
ಅಂಚೆಯವನು ಹೊಸ್ತಿಲು ದಾಟುವುದೇ ಇಲ್ಲ.

ಇಲ್ಲಿ ವಾಸ ಯಾರು?
ಮೊದಲ ಸಾಲಿನಲ್ಲಿ ಶ್ರೀಮಾನ್ ಪರೀಕ್ಷೆ ಪರೀಕ್ಷೆ,
ಹುಟ್ಟಿದ್ದು ಸಾವಿರದ ಒಂಬೈನೂರರ ಜನವರಿ ಒಂದು,
ಇನ್ನೂ ಕಂತು ಕಟ್ಟುತ್ತಿದ್ದಾನೆ, ಪಾಪ.
ಲೆಕ್ಕ ತಾಳೆಯಾಗುವ ತನಕ
ಅವನ ಮನೆಗೆ ನಾನೂರು ಸಲ ಬೆಂಕಿ ಬಿದ್ದಿದೆ.
ಹೆಂಡತಿಯ ಹೆಸರು ಉಚ್ಚರಿಸಲು ಬಾರದು:
ಯಾರೋ ಕೀಲಿಮಣೆಯ ಮೇಲೆ ಎಡಗೈ ಎಳೆದಿದ್ದಾರೆ.

ಹೊಸಬರಿಗೆ ನಾನು ಹೇಳಿಕೊಡುವುದು ಇಷ್ಟೇ:
ಮೊದಲು ಕಿರ್ದಿ, ಆಮೇಲೆ ಖಾತೆ.
ಮಾಡಹೊರಟದ್ದನ್ನು ಡೇಟಾಬೇಸು
ದಿನವಹಿಯಲ್ಲಿ ಬರೆದುಕೊಂಡೇ
ಕೋಷ್ಟಕಕ್ಕೆ ಕೈಹಾಕುತ್ತದೆ.
ನಡುವೆ ಕರೆಂಟು ಹೋದರೆ,
ಬೋರಾಕ್ಕೆ ಅದೇನು ದೊಡ್ಡದಲ್ಲ,
ಎದ್ದ ಕೂಡಲೇ ಕಿರ್ದಿ ತಿರುವಿ ನೋಡುತ್ತದೆ,
ಮುಗಿದ ಮಾತನ್ನು ಉಳಿಸಿಕೊಳ್ಳುತ್ತದೆ,
ಅರ್ಧಕ್ಕೆ ನಿಂತದ್ದನ್ನು ಆಡಿಯೇ ಇಲ್ಲವೆಂಬಂತೆ ಬಿಡುತ್ತದೆ.
ನನ್ನ ಮದುವೆಯಲ್ಲಿ ಈ ಸೌಲಭ್ಯ ಇರಲಿಲ್ಲ.

ಇನ್ನೊಂದು ಪಾಠವೂ ಇದೆ. ಇಲ್ಲಿ ಎರಡು ಸಾವಿರ ಸಾಲು,
ಕೇಳಿ ಮುಗಿಯುವುದರೊಳಗೆ ಉತ್ತರ.
ಅಲ್ಲಿ ಮೂರು ಕೋಟಿ.
ಹಿತ್ತಲ ಗಿಡ ಮದ್ದಲ್ಲ,
‘ನನ್ನ ಯಂತ್ರದಲ್ಲಿ ಸರಿಯಿತ್ತಲ್ಲ’ ಎಂದು
ಎಷ್ಟು ಜನ ನನ್ನೆದುರು ನಿಂತಿಲ್ಲ!
ಅದಕ್ಕೇ ಅಸಲಿನಿಂದ ಒಂದು ಹಿಡಿ ತಂದದ್ದು,
ಹೆಸರು ಅಳಿಸಿ, ತಾರೀಖು ಕಲಸಿ,
ಫೋನ್ ನಂಬರಿಗೆಲ್ಲ ಒಂಬತ್ತು ಬಳಿದು.

ಹನ್ನೊಂದರ ಹೊತ್ತಿಗೆ ನಿವೆಸ್ ಕರೆದಳು.
‘ಲಿವಿಯೋ, ಇದನ್ನು ನೋಡು.’

ಹೆಸರು: ಗ್ರಾಹಕಿ ೮೮೧೪. ಊರು: ಊರು.
ಕೊನೆಯ ಕಾಲಂ, ಷರಾ.
ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.
ಯಾವನೋ ತನಿಖೆಗಾರ ಬರೆದಿದ್ದ:
‘ಕಿವಿ ಮಂದ. ಬಾಗಿಲು ಬಡಿದು ಉಪಯೋಗವಿಲ್ಲ, ಕಿಟಕಿಗೆ ಹೋಗಿ.
ದೋಣಿಯ ಹಣ ಬೇಡ ಅನ್ನುತ್ತಾಳೆ.
ಸಹಿ ಹಾಕಿದರೆ ಗಂಡ ಮುಳುಗಿದ ಅಂತ
ತಾನೇ ಬರೆದುಕೊಟ್ಟ ಹಾಗಂತೆ.
ಇದು ಆರನೇ ಭೇಟಿ. ಕಾಫಿ ಕೊಟ್ಟಳು.’

ಕಿಟಕಿಯ ಗಾಜು ಅದುರುತ್ತಿತ್ತು.
ನಾವಿಬ್ಬರೂ ಮತ್ತೆ ಓದಿದೆವು, ಓದಬಾರದಿತ್ತು.

ನಿಯಮ ಸರಳ: ವರದಿ ಮಾಡು, ನಾಶ ಮಾಡು.
ನಿವೆಸ್ ಆದೇಶ ಬರೆದು ಬೆರಳೆತ್ತಿ ಕೂತಳು.
ಇನ್ನೂ ಕಾಯಂ ಆಗಿಲ್ಲ,
ಬೇಕಿದ್ದರೆ ಹಿಂದಕ್ಕೆ ಸರಿಯಬಹುದಾದ ಜಾಗ ಅದು.
ಒಂದು ನಿಮಿಷ ಅಲ್ಲೇ ಇದ್ದಳು.
ಒತ್ತಿದಳು.
ಖಾತೆ ಹೋದರೂ ಕಿರ್ದಿಯಲ್ಲಿ ಉಳಿದಿರುತ್ತದಲ್ಲ,
ಅದನ್ನು ನಾನು ಒರೆಸಿದೆ, ಪುಟಪುಟವೂ.

ಮಧ್ಯಾಹ್ನ ಎಲ್ಲ ಮೊದಲಿನಿಂದ.
ಖಾಲಿ ಡೇಟಾಬೇಸು, ಒಂದೊಂದೇ ಕೋಷ್ಟಕ,
ಬೀಜದ ಕಡತದಿಂದ ಶ್ರೀಮಾನ್ ಪರೀಕ್ಷೆ ವಾಪಸು,
ಮನೆಗೆ ಇನ್ನೂ ಬೆಂಕಿ ಬಿದ್ದಿಲ್ಲ.

ಷರಾ ಅಳಿಸುವ ಕೆಲಸ ಈಗ ಅವಳ ಪಾಲಿಗೆ.
ಅಳಿಸುತ್ತದೋ ಇಲ್ಲವೋ ತಿಳಿಯಲು
ಅಲ್ಲಿ ಏನಾದರೂ ಬರೆದಿರಬೇಕಲ್ಲ?
ಸಂಜೆಯವರೆಗೂ ತಲೆ ಕೆರೆದುಕೊಂಡಳು,
ಎರಡು ಸಲ ಬರೆದು ಹೊಡೆದು ಹಾಕಿದಳು.
ಹೋಗುವ ಮುನ್ನ ಬಗ್ಗಿ ನೋಡಿದೆ:

‘ಪರೀಕ್ಷೆಯವರ ಮನೆಯಲ್ಲಿ ಒಂದು ಬೆಕ್ಕಿದೆ.
ಬೆಂಕಿ ಬಿದ್ದಾಗಲೆಲ್ಲ ಅದು ಮೊದಲೇ ಹೊರಗೆ ಬಂದಿರುತ್ತದೆ.’

ನಾಳೆ ಬೆಳಿಗ್ಗೆ ಎಂಟಕ್ಕೆ ಅಳಿಯುತ್ತದೆ,
ಎಂಟು ಗಂಟೆ ಒಂದು ನಿಮಿಷಕ್ಕೆ ಮತ್ತೆ ಬರುತ್ತದೆ.
ಕೋಟಿನ ಗುಂಡಿ ಹಾಕಿಕೊಂಡು, ಗೋಡೆ ಹಿಡಿದು,
ನಾನು ಇಳಿಜಾರಿಗೆ ಇಳಿದೆ.