ಅಡಿಟಿಪ್ಪಣಿ ನಲವತ್ತೇಳು

ಕೊಲ್ಹಾಪುರದ ಟೌನ್ ಹಾಲ್ ಮ್ಯೂಸಿಯಮ್ಮಿನ
ಗಾಜಿನೊಳಗೆ ಗೇಣುದ್ದದ ಕಂಚಿನ ದೇವರು.
ಐದನೇ ಇಯತ್ತೆಯ ಟ್ರಿಪ್ಪು. ಮಾಸ್ತರರು ಮರಾಠಿಯಲ್ಲಿ ಓದಿ ಹೇಳಿದರು:
ಪೋಸಿಡಾನ್, ಗ್ರೀಕರ ಸಮುದ್ರದೊಡೆಯ,
ಇಲ್ಲೇ ಬ್ರಹ್ಮಪುರಿಯ ದಿಬ್ಬದಲ್ಲಿ ಸಿಕ್ಕವನು.
ಎತ್ತಿದ ಕೈ. ಕೈಯೊಳಗೆ ಏನೂ ಇಲ್ಲ.
ಸಮುದ್ರ ಕಾಣದ ನಾನು
ಇವನ್ಯಾಕೆ ಬಸ್ಸಿಗೆ ಕೈ ಮಾಡುತ್ತಿದ್ದಾನೆ ಅಂದುಕೊಂಡೆ.

ಆ ಬಸ್ಸಿನಲ್ಲೇ ನಲವತ್ತು ವರ್ಷ.
ಗಡಹಿಂಗ್ಲಜದಿಂದ ಪುಣೆ, ಪುಣೆಯಿಂದ ಥೆಸಲೊನೀಕಿ,
ಆಮೇಲೆ ಒಂದು ನಡುಗಡ್ಡೆಯ ಉಗ್ರಾಣದಲ್ಲಿ
ಬೇಸಿಗೆ ಬೇಸಿಗೆಗೂ ಬೋಕಿ ತೊಳೆಯುವ ಕೆಲಸ:
ಹಿಡಿ, ಕಂಠ, ಬುಡ,
ಮತ್ತೆ 'ಗೊತ್ತಾಗದ್ದು' ಎಂಬ ದೊಡ್ಡ ಬುಟ್ಟಿ.
ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಪರೀಕ್ಷೆಗೆ ಇಂಗ್ಲಿಷು,
ಹಳೆಯ ವರದಿಗಳಿಗೆ ಜರ್ಮನ್;
ಸಂಬಳ ಮಾತ್ರ ಯಾವ ಭಾಷೆಯಲ್ಲೂ ಸಾಲಲಿಲ್ಲ.
ಕಾಯಂ ಹುದ್ದೆ ಬರುವಷ್ಟರಲ್ಲಿ ಚಾಳೀಸು ಬಂದಿತ್ತು.

ಕುಂಬಾರರ ಹುಡುಗಿ ಅಷ್ಟು ದೂರ ಹೋಗಿ
ಒಡೆದದ್ದನ್ನೇ ಆರಿಸುತ್ತಾಳಂತೆ, ಓಣಿ ನಕ್ಕಿತ್ತು.
ನಕ್ಕರೆ ನಗಲಿ. ಕುಂಟಬಿಲ್ಲೆಗೆ
ಯಾವ ಬೋಕಿ ಜಾರುತ್ತದೆ, ಯಾವುದು ಮನೆಯೊಳಗೆ ಕೂರುತ್ತದೆ
ಎಂದು ಆರಿಸಿದ್ದೇ ನನ್ನ ಮೊದಲ ವರ್ಗೀಕರಣ.

ಹೋದ ಶಿವರಾತ್ರಿಗೆ ಊರಿಗೆ ಬಂದಾಗ
ಸೋದರತ್ತೆ ಅಕ್ಕಾತಾಯಿಗೆ ಫೋಟೋ ತೋರಿಸಿದೆ,
ಹತ್ತು ವರ್ಷ ಜೋಡಿಸಿದ ಅಂಫೊರಾ:
ಚೂಪು ಬುಡ, ಎರಡು ಹಿಡಿ, ಎದೆಯಲ್ಲೊಂದು ಬಿರುಕು.
"ಕುಂಡ್ರಂಗಿಲ್ಲಲ್ಲ ಇದು! ಬಂಡ್ಯಾಗ
ಹುಲ್ಲಿನೊಳಗ ಹುಗದು ಒಯ್ಯಾಕ ಮಾಡ್ಯಾರ."
ನನ್ನ ಪ್ರಬಂಧದ ಎರಡನೆಯ ಅಧ್ಯಾಯ ಅಲ್ಲಿಗೆ ಮುಗಿಯಿತು.
ಬೆರಳಿಂದ ಫೋಟೋ ಹಿಗ್ಗಿಸಿದಳು.
"ಹಿಡಿ ಹಚ್ಚಿದಾಂವ ಎಡಚ್ಯಾ. ನೋಡ, ಒತ್ತು ಹ್ಯಾಂಗ ಬಂದೈತಿ.
ಗಡಿಗಿ ತಿರುವಿದಾಂವ ಬ್ಯಾರೆ. ಇಬ್ಬರಿಗೂ ಜಗಳ ಇತ್ತೋ ಏನೋ."

ಹತ್ತು ವರ್ಷ. ಸೂಕ್ಷ್ಮದರ್ಶಕ. ಮಣ್ಣಿನ ಪರೀಕ್ಷೆ.
ಎಡಗೈ ನನಗೆ ಕಂಡಿರಲಿಲ್ಲ.

ಲೇಖನಕ್ಕೆ ಸೇರಿಸಿದೆ, ಅಡಿಟಿಪ್ಪಣಿ ನಲವತ್ತೇಳು:
'ಖುದ್ದು ಹೇಳಿದ್ದು: ಅಕ್ಕಾತಾಯಿ ಕುಂಬಾರ, ಗಡಹಿಂಗ್ಲಜ.'
ಪರಿಶೀಲಕರು ಕೇಳಿದರು: ಇವರ ಸಂಸ್ಥೆ ಯಾವುದು?
ಎರಡು ದಿನ ಯೋಚಿಸಿ ಬರೆದು ಕಳಿಸಿದೆ: ಆವಿಗೆ.
ವಿಶ್ವವಿದ್ಯಾಲಯದ ಹೆಸರೆಂದು ತಿಳಿದು ಅಚ್ಚು ಹಾಕಿದರು.

ಅತ್ತೆಗೆ ಹೇಳಿದೆ. ನಗಲಿಲ್ಲ ಆಕೆ.
ಆವಿಗೆ ಆರಿ ಆರು ವರ್ಷ,
ಅಲ್ಲೀಗ ಅಳಿಯನ ಟ್ರ್ಯಾಕ್ಟರು ನಿಲ್ಲುತ್ತದೆ.
"ಆ ಎಡಚ್ಯಾಗ ಹೆಸರಿತ್ತೇನು?" ಅಂದಳು.
ಹಿಡಿಯ ಮೇಲೆ ಮುದ್ರೆಯಿದೆ, ಆದರೆ ಅದು
ಆ ವರ್ಷದ ಅಧಿಕಾರಿಯದು ಅಂದೆ.
"ಅದಂತೂ ಇರತೈತಿ ಬಿಡು," ಎನ್ನುತ್ತ
ಉಕ್ಕುವ ಹಾಲು ಇಳಿಸಲು ಒಳಗೆ ಹೋದಳು.