ರಾಶಿಗೆ ಮೂರು ರೂಪಾಯಿ

ಗಿರಣಿ ಬಂದ್ ಇದ್ದಾಗಷ್ಟೇ ಬರೀತೀನಿ.
ಬೆಲ್ಟ್ ತಿರುಗುವಾಗ ಕೈಯಾಗಿನ ಫೋನೂ ನಡುಗತದ,
ಮೇಷ ಅಂತ ಒತ್ತಿದ್ರ ಮೋಸ ಅಂತ ಬೀಳತದ.

ನಾಗಣಸೂರಿನಾಗ ಲೈಟು ಹೋಗೋದು ಹತ್ತರಿಂದ ಒಂದೂವರಿ ತನಕ.
ಡಬ್ಬಿ ಸಾಲಾಗಿ ಇಟ್ಟು ಹೋಗಿರತಾರ ಮಂದಿ,
ಮುಚ್ಚಳದ ಮ್ಯಾಲ ಹೆಸರು, ಕೆಲವು ಮರಾಠಿಯೊಳಗ,
ಕೆಲವು ಕನ್ನಡದೊಳಗ,
ಇಮಾಂಬಿದಕ್ಕ ಬರೇ ಒಂದು ಕೆಂಪು ದಾರ.
ನಾ ಜೋಳದ ಚೀಲದ ಮ್ಯಾಲ ಕುಂತು
ಹನ್ನೆರಡು ನಮೂನಿ ಮಂದಿಗೆ ನಾಳೆ ಬರೀತೀನಿ.

ರಾಶಿಗೆ ಮೂರು ರೂಪಾಯಿ. ನಲವತ್ತು ಶಬ್ದ.
ಕಡಿಮಿ ಆದ್ರ ವಾಪಸ್, ಹೆಚ್ಚಾದ್ರ ಹೆಚ್ಚಿಂದು ಪುಕ್ಕಟೆ.
ನಮ್ಮ ಕಡೆ ರಾಶಿ ಅಂದ್ರ ಕಣದಾಗಿನ ಜೋಳ,
ತೂರಿ, ಅಳದು, ಹೊತ್ತು ಒಳಗ ಹಾಕೋದು.
ಇದು ಬ್ಯಾರೆ ರಾಶಿ. ಇದರಾಗ ಕಾಳಿಲ್ಲ.
ಆದ್ರೂ ಬೀಸಬೇಕು, ನುಣ್ಣಗ.

ಪುಣೆದಾಗ ಒಬ್ಬಾಕಿ ಇದ್ದಾಳ, ಮಾರಿ ನೋಡಿಲ್ಲ,
ಹೇಳಿ ಕಳಿಸ್ಯಾಳ: ಸಾವು ಬರೀಬ್ಯಾಡ್ರಿ,
ರೋಗದ ಹೆಸರು ಬ್ಯಾಡ, ಊರ ಮಾತು ಬ್ಯಾಡ,
ಎಲ್ಲಾರಿಗೂ ತಿಳಿಯೋ ಕನ್ನಡ ಇರಲಿ.
ಅದಕ್ಕ ನಾ ಬರಿಯೋದು:
"ಆರ್ಥಿಕ ವ್ಯವಹಾರಗಳಲ್ಲಿ ಅನಿರೀಕ್ಷಿತ ಪ್ರಗತಿ.
ಬಂಧುಗಳಿಂದ ಶುಭವಾರ್ತೆ. ಪ್ರಯಾಣದಲ್ಲಿ ಎಚ್ಚರ."
ಹಿಂಗ ನಮ್ಮ ಮನ್ಯಾಗ ಯಾರೂ ಮಾತಾಡಂಗಿಲ್ಲ.
ನಮ್ಮಣ್ಣನ ಶುಭವಾರ್ತೆ ಅಂದ್ರ
ಅಕ್ಕಲಕೋಟಿ ಬಸ್ಸು ಇವತ್ತು ಬಂತು ಅನ್ನೋದು.

ಜ್ಯೋತಿಷ್ಯ ಬರತದೇನು ನನಗ?
ಕನ್ನಡ ಸಾಳಿ ಏಳನೇ ಯತ್ತಾ ತನಕ, ಆಮ್ಯಾಲ ಮರಾಠಿ.
ಕ್ಯಾಲೆಂಡರ್ ಮುಟ್ಟಿದ್ದು ಸಿಲಿಂಡರ್ ಬಂದ ತಾರೀಖು ಬರಿಯಾಕ.
ಗ್ರಹಗಳ ಹಾದಿ ಗೊತ್ತಿಲ್ಲ,
ಗಿರಣಿಗೆ ಬರೋರ ಹಾದಿ ಗೊತ್ತದ.
ಯಾರ ಡಬ್ಬಿ ತಿಂಗಳ ಕೊನಿಗೆ ಅರ್ಧಾ ಆಗತದ,
ಯಾರು ಗೋದಿ ಬಿಟ್ಟು ಬರೇ ಜೋಳಕ್ಕ ಇಳದ್ರು,
ಯಾರು ಪಾವಕಿಲೋ ಕಡ್ಲಿಬ್ಯಾಳಿ ಬ್ಯಾರೆ ಬೀಸಿಸಿದ್ರು,
ಅವರ ಮನಿಗೆ ಬೀಗರು ಬರತಾರ.
ಇದಕ್ಕ ಯಾರೂ ಮೂರು ರೂಪಾಯಿ ಕೊಡಂಗಿಲ್ಲ.

ಮೊನ್ನೆ ಭೌರವ್ವ ಬಂದಳು, ಮೊಮ್ಮಗನ ಫೋನು ಹಿಡಕೊಂಡು.
"ಏ ಇಂದುಮತಿ, ಇದರಾಗ ದಿನಾ ನನ್ನ ವೃಶ್ಚಿಕಕ್ಕ
ತಾಳ್ಮೆ ಇರಲಿ, ತಾಳ್ಮೆ ಇರಲಿ ಅಂತದ.
ಎಪ್ಪತ್ತು ವರ್ಷ ಇಟ್ಟೀನಿ, ಇನ್ನೆಷ್ಟು ಇಡಲಿ?
ಯಾವ ಮುದಿ ಶಾಸ್ತ್ರಿ ಬರೀತಾನೋ, ಅವನ ಕೈಗೆ..."
ಅಂದಾಕಿ ನನ್ನ ಹಿಟ್ಟಿನ ಕೈ ನೋಡಿ ಸುಮ್ಮನಾದಳು.
ನೋಡಿದ್ದು ಹಿಟ್ಟಷ್ಟೇ ಅನಸ್ತದ. ಗೊತ್ತಿಲ್ಲ.

ಆ ರಾತ್ರಿ ವೃಶ್ಚಿಕಕ್ಕ ಬರದೆ:
"ನಿಮ್ಮ ಎಡಗಾಲಿನ ನೋವು ನಾಳೆ ಸ್ವಲ್ಪ ಇಳಿಯುತ್ತದೆ.
ಹಿರಿಸೊಸಿ ತಾನಾಗೇ ಚಹಾ ತರತಾಳ.
ಸಕ್ರಿ ಕಡಿಮಿ ಇದ್ರೂ ಕುಡೀರಿ."
ಬೆಳಗಾಗೂದರಾಗ ವಾಪಸ್.
ಬಹಳ ಖಾಸಗಿ ಆಯಿತು. ರೋಗ ಬಂದಿದೆ.
ಸೊಸೆ ಕಾಗುಣಿತ ತಪ್ಪಿದೆ.

ತಿದ್ದಿದೆ:
"ಆರೋಗ್ಯದಲ್ಲಿ ಚೇತರಿಕೆ. ಕುಟುಂಬದಲ್ಲಿ ಸಾಮರಸ್ಯ."
ಇನ್ನೂ ಏನೇನೋ ತುಂಬಿದೆ.
ನಲವತ್ತಕ್ಕ ಎರಡು ಕಡಿಮಿ ಬಿತ್ತು.
"ತಾಳ್ಮೆ ಇರಲಿ" ಸೇರಿಸಿದೆ.

ಐದುನೂರು ತುಂಬೋ ತನಕ ರೊಕ್ಕ ತೆಗಿಯಾಕ ಬರಂಗಿಲ್ಲ.
ಇವತ್ತಿಗೆ ನಾಕನೂರಾ ಎಂಬತ್ತಾರು,
ತಿಂಗಳಿಂದ ಅಲ್ಲೇ ಕಾಣತದ, ಕೈಗೆ ಹತ್ತಂಗಿಲ್ಲ,
ಗಾಜಿನಾಚೆಗಿನ ಪೇಢೆದ ಹಂಗ.
ಕಡೀಕ ನನ್ನ ಮೀನ. ಅದರ ಪಾಳಿ ಬರೋ ಹೊತ್ತಿಗೆ
ಚಾರ್ಜು ಎರಡು ಟಕ್ಕೆ ಉಳಿದಿರತದ.
ಹೋದ ವಾರದ್ದೇ ಹಿಂದ ಮುಂದ ಮಾಡಿ ಹಾಕತೀನಿ,
ನನ್ನದು ನಾ ಯಾಕ ಓದಲಿ.

ಲೈಟು ಬಂತು. ಬೆಲ್ಟ್ ಏರಿಸಿದೆ.
ಮೊದಲ ಪಾಳಿ ಭೌರವ್ವನ ಡಬ್ಬಿ, ಜೋಳ ಮೂರು ಕಿಲೋ.
ಎತ್ತಿದ್ರ ಹಿಂದ ಒಂದು ಸಣ್ಣ ಪುಡಿಕಿ,
ಹಳೇ ಸೀರಿ ಅಂಚಿನಿಂದ ಕಟ್ಟಿದ್ದು:
ಪಾವಕಿಲೋ ಕಡ್ಲಿಬ್ಯಾಳಿ.

ಇದನ್ನ ನಾ ಬರದಿರಲಿಲ್ಲ.