ಮೂರನೇ ಜ್ವರ

ದಿನಕ್ಕೆ ಎಂಟುನೂರು, ಮಧ್ಯಾಹ್ನದೂಟ,
ಕೊರಳಿಗೊಂದು ಗುರುತಿನ ಚೀಟಿ: ದುಭಾಷಿ.
ಅವರ ಕೊರಿಯನ್ ಮಾತನ್ನು ಅವರದೇ ಹುಡುಗನೊಬ್ಬ ಇಂಗ್ಲಿಷಿಗೆ ತರುತ್ತಾನೆ,
ನಾನದನ್ನು ಕನ್ನಡಕ್ಕೆ, ಪಿಳ್ಳಮ್ಮನಿಗಾದರೆ ತೆಲುಗಿಗೆ.
ದೇವರ ಮಾತು ಶಿಡ್ಲಘಟ್ಟ ದಾಟಿ ಈ ಊರು ಮುಟ್ಟುವಷ್ಟರಲ್ಲಿ
ಮೂರು ಬಸ್ಸು ಬದಲಿಸಿದ ಹೆಂಗಸಿನಂತೆ
ಸೆರಗು ಮುದುಡಿರುತ್ತದೆ.

ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಕನ್ನಡಕ ಹಂಚಿದೆವು.
ಗೋಡೆಯ ಅಕ್ಷರ ಓದಲಾರದವರಿಗೆ ಸೂಜಿ ದಾರ ಕೊಟ್ಟೆವು.
ಪೋಣಿಸಿದವರು ನಕ್ಕರು.
ಒಬ್ಬ ಮುದುಕ ಮಾತ್ರ ಹೆಂಡತಿಯ ಕೈ ಎಳೆದುಕೊಂಡು
ಕುದಿನೀರಲ್ಲಿ ರೇಷ್ಮೆಯ ಎಳೆ ಹುಡುಕಿ ಹುಡುಕಿ ಬೆಂದ
ಬೆರಳ ತುದಿಗಳನ್ನು ಒಂದೊಂದಾಗಿ ನೋಡಿದ.
ಏನಂದ, ಎಂದು ಕೇಳಿದರು.
ಏನೂ ಅನ್ನಲಿಲ್ಲ, ಅಂದೆ.

ಆಮೇಲೆ ಸೊಯೊನ್ ಎಂಬ ಹುಡುಗಿ,
ಇಪ್ಪತ್ತೊಂದು ವರ್ಷ, ಮೂಗಿನ ಮೇಲೆ ಬಿಸಿಲಿಗೆ ಬಳಿದ ಬಿಳಿ ಕ್ರೀಮು,
ಪಿಳ್ಳಮ್ಮನ ಹುಳುಮನೆ ನೋಡಬೇಕೆಂದಳು.
"ಆ ವಾಸನೆ ತೊಳ್ಕೊಂಡು ಬರಲಿ, ಹುಳಕ್ಕೆ ಆಗಲ್ಲ."
ಮುಖ ತೊಳೆದಳು.
"ಕಾಲು?"
ಬ್ಲೀಚಿಂಗ್ ಪುಡಿ ಕದಡಿದ ಬೋಗುಣಿಗೆ
ಕಾಲುಚೀಲ ಬಿಚ್ಚಿ ಇಳಿದವಳ ಪಾದಕ್ಕೆ
ಪಿಳ್ಳಮ್ಮನೇ ಬಗ್ಗಿ ಚೊಂಬಿನಿಂದ ನೀರು ಹೊಯ್ದಳು.
ಹುಡುಗಿ ಬೆಚ್ಚಿ ನನ್ನತ್ತ ನೋಡಿದಳು:
ಮಧ್ಯಾಹ್ನ ಮಕ್ಕಳಿಗೆ ಹೇಳಬೇಕಿದ್ದ ಕಥೆಯೇ ಅದು,
ಕರ್ತನು ನಡುವಿಗೆ ಟವೆಲು ಸುತ್ತಿ ಶಿಷ್ಯರ ಕಾಲು ತೊಳೆದದ್ದು.
ಟವೆಲೂ ಇತ್ತು, ಪಿಳ್ಳಮ್ಮನ ಹೆಗಲ ಮೇಲೆ,
ಹಿಪ್ಪುನೇರಳೆ ಸೊಪ್ಪಿನ ಕರೆ ಹತ್ತಿ.

ಒಳಗೆ ಮಬ್ಬು. ತಟ್ಟೆ ತಟ್ಟೆ ಹುಳು.
ಒಂದೂ ಮೇಯುತ್ತಿಲ್ಲ, ತಲೆ ಎತ್ತಿ, ಅಲ್ಲಾಡದೆ.
"ಮೂಡೋ ಜ್ವರಮಮ್ಮಾ," ಅಂದಳು.
ಮೂರನೇ ಜ್ವರ.
ಅದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದವಿದೆ, ಗೊತ್ತಿತ್ತು,
ಆ ಹೊತ್ತಿಗೆ ನಾಲಿಗೆಗೆ ಬರಲಿಲ್ಲ.
ಫೀವರ್, ಅಂದುಬಿಟ್ಟೆ.

ಸೊಯೊನ್ ಮಂಡಿಯೂರಿದಳು.
ಸುಣ್ಣದ ಪುಡಿ ಉದುರಿಸಿದ ನೆಲದ ಮೇಲೆ, ತಟ್ಟೆಯತ್ತ ಕೈ ಚಾಚಿ,
ತನ್ನ ಭಾಷೆಯಲ್ಲೇ, ನಮಗ್ಯಾರಿಗೂ ಕಾಯದೆ,
ಬಹಳ ಹೊತ್ತು ಬೇಡಿಕೊಂಡಳು.
ಅವಳ ತಲೆ ಬಾಗಿತ್ತು.

"ಏನಂತೆ?"
ಹುಳುಗಳ ಜ್ವರ ಬಿಡಲಿ ಅಂತ, ಅಂದೆ.
ಪಿಳ್ಳಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.
"ಜ್ವರ ಬರದಿದ್ರೆ ಹಳೇ ತೊಗಲು ಕಳಚೋದು ಹೆಂಗೆ?
ಬಿಡಿಸಬೇಡ ಅಂತ ಹೇಳು.
ಬೇಡ, ಇರಲಿ. ಏನೂ ಹೇಳಬೇಡ.
ನಮ್ಮ ಹುಳಕ್ಕೆ ಅಂತ ಯಾರು ಬಂದು ಇಷ್ಟೊತ್ತು ಕೂತವ್ರೆ?"
ಗೋಡೆಯ ಗೂಡಿನಲ್ಲಿ ಅವಳ ಗಂಗಮ್ಮ ಅರಿಶಿನ ಮೆತ್ತಿಕೊಂಡು
ಎಲ್ಲ ಕೇಳಿಸಿಕೊಳ್ಳುತ್ತಿದ್ದಳು,
ದುಭಾಷಿಯ ಹಂಗಿಲ್ಲದೆ.

ಸಂಜೆ ಚಿಕ್ಕಬಳ್ಳಾಪುರದ ಅತಿಥಿಗೃಹದಲ್ಲಿ ಲೆಕ್ಕ ಬರೆದರು:
ಕನ್ನಡಕ ಅರವತ್ತಮೂರು,
ಪ್ರಾರ್ಥನೆ ಮಾಡಿಸಿಕೊಂಡವರು ಹತ್ತೊಂಬತ್ತು.
ಹುಳುಗಳು? ಎಂದಳು ಸೊಯೊನ್, ತಮಾಷೆಗಲ್ಲ.
ಮುಂದಾಳು ಪೆನ್ನು ಮುಚ್ಚಿದ.

ಅವಳು ಊಟ ಮಾಡಲಿಲ್ಲ. ಟೆರೇಸಿನಲ್ಲಿ
ನಂದಿಬೆಟ್ಟದ ಕಡೆ ಮುಖ ಎತ್ತಿ ಸುಮ್ಮನೆ ಕೂತಿದ್ದಳು.
ಹಣೆ ಮುಟ್ಟಿ ನೋಡೋಣ ಅನಿಸಿತು.
ಕೆಳಗೆ ನೂರುಲ್ಲಾ ಟೆಂಪೋ ಹಾರ್ನು ಒತ್ತಿದ,
ಕಡೇ ಬಸ್ಸಿಗೆ ಬಿಡಬೇಕು ನನ್ನನ್ನು.
ಕೈಯಲ್ಲಿ ಎಂಟುನೂರರ ಲಕೋಟೆ,
ಬಾಯಿಗೆ ಈಗ ಬಂದಿತ್ತು ಆ ಸರಿಯಾದ ಪದ.
ಹೇಳದೆ ಮೆಟ್ಟಿಲಿಳಿದೆ.